ಸುದ್ದಿ ಬರದಿದ್ದರೆ ಕೂಗುವ ಪೆಟ್ಟಿಗೆ

ಹೊಳೆದಂಡೆಯಲ್ಲೊಂದು ಮಠ. ಅಲ್ಲಿನ ಗುರುಗಳನ್ನು ಊರೆಲ್ಲ 'ಬುದ್ಧಿ' ಅಂತಲೇ ಕರೆಯುತ್ತಿತ್ತು. ಅವರ ಶಿಷ್ಯೆ ದಾಕ್ಷಾಯಿಣಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮನೆಯವರ ಮಾತು ಕೇಳದೆ ಮಠಕ್ಕೆ ಬಂದವಳು. ಮಹಾ ಹಟಮಾರಿ.

ಒಂದು ಬೆಳಿಗ್ಗೆ ಅವಳು ಜಗಲಿಯ ಮೇಲೆ ಕೂತು, ಬಿಸ್ಕತ್ತಿನಷ್ಟು ದೊಡ್ಡ ಒಂದು ಸರ್ಕ್ಯೂಟ್ ಬೋರ್ಡನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು.

"ಯಾರಮ್ಮಾ ಅದು, ಬೆಳಿಗ್ಗೆ ಬೆಳಿಗ್ಗೆ ಬೈಸಿಕೊಳ್ತಿರೋರು?" ಅಂದರು ಗುರುಗಳು.

"ಈ ಬೋರ್ಡು, ಬುದ್ಧಿ. ಲ್ಯಾಪ್‌ಟಾಪಲ್ಲಿ ಪ್ರೋಗ್ರಾಮ್ ಬರೆದು ಇದರೊಳಗೆ ಇಳಿಸಬೇಕು. ಆಗಿಂದ ಇಳೀತಾನೇ ಇಲ್ಲ. ದರಿದ್ರದ್ದು!"

"ಸತ್ತಿದೆಯಾ?"

"ಇಲ್ಲ, ಕೆಂಪು ದೀಪ ಉರೀತಿದೆ."

"ನನ್ನ ಪ್ರವಚನಕ್ಕೆ ಬರೋ ಮುಂದಿನ ಸಾಲಿನವರೂ ಕಣ್ಣು ಬಿಟ್ಟುಕೊಂಡೇ ಕೂತಿರ್ತಾರೆ. ಮಾತು ಒಳಗೆ ಹೋಗ್ತಿದೆಯಾ, ಅದನ್ನ ನೋಡು."

ದಾಕ್ಷಾಯಿಣಿ ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವಿನ ವೈರನ್ನು ಕಿತ್ತು ತಿರುಗಿಸಿ ನೋಡಿದಳು. ಹಣೆ ಚಚ್ಚಿಕೊಂಡಳು. ಅದು ಬರೀ ಮೊಬೈಲ್ ಚಾರ್ಜ್ ಮಾಡುವ ವೈರು. ಕರೆಂಟು ಒಯ್ಯುತ್ತದೆ, ಪ್ರೋಗ್ರಾಮ್ ಒಯ್ಯುವುದಿಲ್ಲ. ಬೇರೆ ವೈರು ಹಾಕಿದಳು. ಎಲ್ಲ ಸರಸರ ಇಳಿಯಿತು.

"ಈಗ ಇದೇನು ಮಾಡುತ್ತೆ?"

"ಹೊಳೆ ಕಾಯುತ್ತೆ, ಬುದ್ಧಿ."

ಗುರುಗಳು ನಗಲಿಲ್ಲ. ಅವಳ ಪಕ್ಕದಲ್ಲಿ ಕೂತರು.

ಯಾಕೆ ಅಂದರೆ, ಹೋದ ವರ್ಷ ಮೇಲಿನ ಅಣೆಕಟ್ಟಿನ ಗೇಟು ತೆಗೆದಾಗ ಈ ಊರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಇಲ್ಲಿ ಸುಡು ಬಿಸಿಲು. ಬಟ್ಟೆ ಒಗೆಯುವ ಸಣ್ಣಮ್ಮನ ಮಗಳು ಹೊಳೆ ನಡುವಿನ ಬಂಡೆಯ ಮೇಲೆ ಸೀರೆ ಹರವುತ್ತಿದ್ದಳು. ನೀರು ಬಂತು. ಹುಡುಗಿ ಸಿಗಲೇ ಇಲ್ಲ.

"ಇಂಥವು ಎರಡಿವೆ," ಅಂದಳು ದಾಕ್ಷಾಯಿಣಿ. "ಒಂದನ್ನ ಮೇಲುಗಡೆ, ಹೊಳೆ ತಿರುಗೋ ಜಾಗದಲ್ಲಿ ಕಂಬ ನೆಟ್ಟು ಕಟ್ತೀನಿ. ಕೆಳಗೆ ನೀರು ಎಷ್ಟು ದೂರ ಇದೆ ಅಂತ ನೋಡ್ತಾನೇ ಇರುತ್ತೆ. ಇನ್ನೊಂದು ನಮ್ಮ ಮಾಳಿಗೆ ಮೇಲೆ, ಸೈರನ್ ಜೊತೆ. ನೀರು ಏರಿದ್ರೆ ಅದು ಇದಕ್ಕೆ ಹೇಳುತ್ತೆ. ಇದು ಬಾಯಿ ಬಡ್ಕೊಳ್ಳುತ್ತೆ."

"ನಡುವೆ ತಂತಿ?"

"ತಂತಿ ಇಲ್ಲ, ಗಾಳಿಯಲ್ಲೇ ಮಾತು. ಟವರೂ ಬೇಡ, ಇಂಟರ್ನೆಟ್ಟೂ ಬೇಡ. ಯಾರ ಹಂಗೂ ಇಲ್ಲ."

"ಮೇಲಿನದೇ ಹೊಳೆಪಾಲಾದ್ರೆ?"

"ಆಗ ಅದೇನೂ ಹೇಳಲ್ಲ."

"ಕೆಳಗಿನದು?"

"ಸುಮ್ಮನಿರುತ್ತೆ."

ಗುರುಗಳು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಧ್ಯಾಹ್ನ ಪ್ರಸಾದಕ್ಕೆ ಬರಲಿಲ್ಲ. ದಾಕ್ಷಾಯಿಣಿ ಕರೆದಳು. ಓ ಅನ್ನಲಿಲ್ಲ. ಮಜ್ಜಿಗೆ ತಂದು ಕರೆದಳು. ಸದ್ದಿಲ್ಲ. ಎರಡೂ ಕೈಯಲ್ಲಿ ಬಾಗಿಲು ಬಡಿದು, "ಬುದ್ಧೀ! ಬುದ್ಧೀ!" ಅಂತ ಮಠವೆಲ್ಲ ಹಾರಿಹೋಗುವ ಹಾಗೆ ಕಿರುಚಿದಳು.

ಬಾಗಿಲು ತೆರೆಯಿತು. ಗುರುಗಳು ಚೆನ್ನಾಗಿಯೇ ಇದ್ದರು.

"ಯಾಕಮ್ಮಾ ಹಿಂಗೆ ಕಿರುಚ್ತೀಯ?"

"ಕಿರುಚದೆ ಇನ್ನೇನು ಮಾಡ್ಲಿ? ತಾವು ಮಾತೇ ಆಡ್ತಿಲ್ಲ! ಏನಾಯ್ತೋ ಏನೋ ಅಂತ ಜೀವ ಬಾಯಿಗೆ ಬಂತು!"

"ನಿನಗೆ ಆದ ಭಯ ಆ ಮಾಳಿಗೆ ಮೇಲಿನದಕ್ಕೂ ಆಗಲಿ," ಅಂದು ಗುರುಗಳು ಮಜ್ಜಿಗೆ ಕುಡಿದರು.

ದಾಕ್ಷಾಯಿಣಿ ಪ್ರೋಗ್ರಾಮನ್ನು ತಿರುಗಿ ಬರೆದಳು. ಮೇಲಿನ ಬೋರ್ಡು ಆಗಾಗ 'ಇದ್ದೀನಿ' ಅನ್ನಬೇಕು. ಆ ಮಾತು ಸ್ವಲ್ಪ ಹೊತ್ತು ಕೇಳಿಸದಿದ್ದರೆ, ಕೆಳಗಿನದು ಕಾರಣ ಕೇಳುತ್ತ ಕೂರುವ ಹಾಗಿಲ್ಲ. ಕೂಗಬೇಕು.

ಕಂಬ ನೆಟ್ಟು, ನೀರಿನ ಮೇಲೆ ಚಾಚುವ ಹಾಗೆ ಅದಕ್ಕೊಂದು ಕಬ್ಬಿಣದ ತೋಳು ಕೂರಿಸಿದ್ದಾಯಿತು. ಮೇಲಿನ ಬೋರ್ಡು ಆ ತೋಳಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬೆಚ್ಚಗೆ ಕೂತಿತು. ಸೈರನ್ ಮಾಳಿಗೆ ಏರಿತು. ಸೈರನ್ ಕೇಳಿದರೆ ಬಟ್ಟೆ, ಬಿಂದಿಗೆ ಎಲ್ಲ ಬಿಟ್ಟು ಮೇಲೆ ಹತ್ತಬೇಕು ಅಂತ ಊರಿಗೆಲ್ಲ ಹೇಳಿದ್ದೂ ಆಯಿತು.

ಮೊದಲ ಸಲ ಅದು ಕೂಗಿದ್ದು ಮಾತ್ರ ಒಂದು ಒದ್ದೆ ಸೀರೆಗೆ.

ನೀರಿನ ಮೇಲೆ ಚಾಚಿಕೊಂಡ ಅಂಥ ಕಬ್ಬಿಣದ ತೋಳು ಕಂಡರೆ ಬಟ್ಟೆ ಒಗೆಯುವವರು ಬಿಡುತ್ತಾರೆಯೇ? ಯಾರೋ ಪುಣ್ಯಾತ್ಗಿತ್ತಿ ಸೀರೆ ಹಿಂಡಿ ಅದಕ್ಕೇ ಹರವಿದಳು. ಪೆಟ್ಟಿಗೆಯ ಮೂಗಿನ ಕೆಳಗೇ ಸೀರೆ. ನೀರು ಇಲ್ಲಿಯ ತನಕ ಬಂತು ಅಂದುಕೊಂಡಿತು ಅದು, ಪಾಪ.

ಆ ಹೊತ್ತಿಗೆ ಸರಿಯಾಗಿ ಮಠದ ಸಮಿತಿಯ ಅಧ್ಯಕ್ಷರು ಪರಶಿವಪ್ಪನವರು ಹೊಳೆಯಲ್ಲಿ ತಲೆಗೆ ಸೋಪು ಹಚ್ಚಿಕೊಂಡು ಕೂತಿದ್ದರು. ಒದ್ದೆ ಟವಲಿನಲ್ಲಿ, ಕಣ್ಣು ಮುಚ್ಚಿಕೊಂಡು ಅವರು ಓಡಿದ ಓಟವನ್ನು ಊರು ಬಹಳ ದಿನ ನೆನೆದು ನಕ್ಕಿತು.

"ತೆಗೆಸಿ ಅದನ್ನ, ಬುದ್ಧಿ!" ಅಂತ ಅವರು ಮಠಕ್ಕೆ ಬಂದು ಕೂಗಾಡಿದರು.

"ಕಣ್ಣಿಗೆ ಸೋಪು ಹೋಯ್ತಾ?"

"ಹೋಯ್ತು!"

"ಜೀವ ಹೋಯ್ತಾ?"

"ಅದ್ಯಾಕೆ ಹೋಗುತ್ತೆ?"

"ಹಾಗಾದ್ರೆ ಕಣ್ಣು ತೊಳ್ಕೊಳ್ಳಿ," ಅಂದರು ಗುರುಗಳು.

ದಾಕ್ಷಾಯಿಣಿ ಕಂಬದ ತೋಳಿಗೆ ಜಾಲಿಮುಳ್ಳು ಕಟ್ಟಿ ಬಂದಳು. ಆಮೇಲೆ ಯಾರೂ ಸೀರೆ ಹರವಲಿಲ್ಲ.

ಪರಶಿವಪ್ಪನವರಿಗೆ ಒಳಗೊಳಗೇ ಉರಿಯುತ್ತಿತ್ತು. ಮಠದ ಮುಂದೆ ಅವರು ಹೊಸ ಸ್ನಾನಘಟ್ಟ ಕಟ್ಟಿಸಿದ್ದರು. ಉದ್ಘಾಟನೆಗೆ ದೊಡ್ಡ ದೊಡ್ಡವರು ಬರುವವರಿದ್ದರು. ಹಿಂದಿನ ದಿನ ದಾಕ್ಷಾಯಿಣಿಯನ್ನು ಕರೆದು ಮೆತ್ತಗೆ ಹೇಳಿದರು.

"ನಾಳೆ ಒಂದು ಬೆಳಿಗ್ಗೆ ಅದನ್ನ ಆಫ್ ಮಾಡಿಬಿಡಮ್ಮ."

"ಆಗಲ್ಲ."

"ಒಂದೇ ಬೆಳಿಗ್ಗೆ ಕಣಮ್ಮ!"

"ನಾಳೆ ಎಲ್ಲಾ ದಿನಕ್ಕಿಂತ ಜಾಸ್ತಿ ಜನ ನೀರಲ್ಲಿರ್ತಾರೆ. ನಾಳೇನೇ ಆಫ್ ಮಾಡ್ಬೇಕಾ?"

"ನಾನು ಈ ಮಠದ ಅಧ್ಯಕ್ಷ, ಗೊತ್ತಾ?"

"ನನಗೆ ಗೊತ್ತು. ಹೊಳೆಗೆ ಗೊತ್ತಾ?"

ಅವರು ಕೆಂಡದಂಥ ಕಣ್ಣು ಬಿಟ್ಟು ಹೋದರು.

ಮರುದಿನ ಘಟ್ಟದ ತುಂಬ ಜನ. ಗುರುಗಳಿಗೆ ಕೆಳಗಿನ ಮೆಟ್ಟಿಲಲ್ಲಿ ಪೀಠ ಹಾಕಿದ್ದರು. ಅತಿಥಿಗಳು ಪಂಚೆ ಎತ್ತಿ ಹಿಡಿದು ನೀರಿನಲ್ಲಿ ಕಾಲು ಇಳಿಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಸ್ವಲ್ಪ ಕೆಳಗೆ ಸಣ್ಣಮ್ಮ ಮತ್ತು ಅವಳ ಜೊತೆಯವರು ಎಂದಿನ ಹಾಗೆ ಬಟ್ಟೆ ಒಗೆಯುತ್ತಿದ್ದರು. ಮಕ್ಕಳು ಈಜುತ್ತಿದ್ದವು.

ಪರಶಿವಪ್ಪನವರು ಮೈಕು ಹಿಡಿದು, "ಸನ್ಮಾನ್ಯರೇ," ಅಂದರು.

ಸೈರನ್ ಕೂಗಿತು.

ಸಣ್ಣಮ್ಮ ಕೈಯಲ್ಲಿದ್ದ ಬಟ್ಟೆ ಬಿಸಾಕಿ, ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡು ಮೇಲೆ ಓಡಿದಳು. ಒಗೆಯುವವರೆಲ್ಲ ಓಡಿದರು.

"ಯಾರೂ ಏಳಬೇಡಿ!" ಅಂತ ಪರಶಿವಪ್ಪನವರು ಮೈಕಿನಲ್ಲಿ ಕೂಗಿದರು. "ಅದು ಕೆಟ್ಟಿದೆ! ಏನೂ ಆಗಲ್ಲ, ಕೂತ್ಕೊಳ್ಳಿ!"

ಗುರುಗಳು ಎದ್ದರು. ಮೆಟ್ಟಿಲು ಹತ್ತತೊಡಗಿದರು. ಗುರುಗಳೇ ಎದ್ದ ಮೇಲೆ ಅತಿಥಿಗಳು ಕೂರುವುದುಂಟೆ? ಪಂಚೆ ಎತ್ತಿಕೊಂಡು ಅವರ ಹಿಂದೆಯೇ ಹತ್ತಿದರು. ಘಟ್ಟ ಖಾಲಿಯಾಯಿತು.

ಎಲ್ಲರೂ ಮೇಲೆ ನಿಂತು ಹೊಳೆ ನೋಡಿದರು. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ನೀರು ಏರಲಿಲ್ಲ. ಸೈರನ್ ಮಾತ್ರ ಬಡ್ಕೊಳ್ಳುತ್ತಲೇ ಇತ್ತು.

ದಾಕ್ಷಾಯಿಣಿ ಮಾಳಿಗೆಯಿಂದ ಧಡಧಡ ಇಳಿದು ಬಂದಳು.

"ನೀರು ಏರಿದೆ ಅಂತ ಕೂಗ್ತಿಲ್ಲ, ಬುದ್ಧಿ. ಮೇಲಿನ ಪೆಟ್ಟಿಗೆ ಮಾತೇ ಆಡ್ತಿಲ್ಲ. ಅದಕ್ಕೆ ಏನೋ ಆಗಿದೆ."

ಹೇಳುತ್ತ ಹೇಳುತ್ತ ಅವಳು ಪರಶಿವಪ್ಪನವರ ಮುಖ ನೋಡಿದಳು. ಅವರು ಹಣೆ ಒರೆಸಿಕೊಂಡರು.

"ನನ್ನ ಕಾರಿನ ಡಿಕ್ಕಿಯಲ್ಲಿದೆ," ಅಂದರು. "ಈಗ ಬರೋವಾಗ ಕಿತ್ತು ಆಫ್ ಮಾಡಿದ್ರೆ ಸುಮ್ಮನಿರುತ್ತೆ ಅಂದ್ಕೊಂಡೆ."

ಅಲ್ಲ, ಎಂಥ ಧೈರ್ಯ ನೋಡಿ! ಅಷ್ಟು ಜನರನ್ನು ನೀರಿಗಿಳಿಸಿ, ಕಾಯುವ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಬೀಗ ಹಾಕಿ ಬಂದಿದ್ದ ಮನುಷ್ಯ!

"ಮೊದಲು ಅದರ ಬಾಯಿ ಮುಚ್ಚಿಸೇ!" ಅಂತ ಅವರು ಸೈರನ್ನಿಗಿಂತ ಜೋರಾಗಿ ಕೂಗಿದರು.

"ಪೆಟ್ಟಿಗೆ ಎಲ್ಲಿತ್ತೋ ಅಲ್ಲಿಡಿ. ತಾನೇ ಮುಚ್ಚುತ್ತೆ."

"ಇಲ್ಲೇ, ಡಿಕ್ಕಿಯಲ್ಲೇ ಆನ್ ಮಾಡ್ತೀನಿ!"

"ಮಾಡಿ. ನಿಮ್ಮ ಡಿಕ್ಕಿಗೇ ಪ್ರವಾಹ ಬಂದಿದೆ ಅಂದ್ಕೊಂಡು ಇನ್ನೂ ಜೋರಾಗಿ ಕೂಗುತ್ತೆ."

ಅತಿಥಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪರಶಿವಪ್ಪನವರಿಗೆ ಅದನ್ನು ತಡೆಯಲಾಗಲಿಲ್ಲ.

"ನೀರು ಬಂತಾ? ಎಲ್ಲಿ ಬಂತು, ತೋರಿಸಿ! ಬರೀ ನಾಟಕ!"

ಸಣ್ಣಮ್ಮ ಮುಂದೆ ಬಂದಳು. ಒದ್ದೆ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಮಗುವಿನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅದು ಅವಳ ಮಗುವಲ್ಲ.

"ಅವತ್ತು ಯಾರೂ ಕೂಗ್ನಿಲ್ಲ ಸ್ವಾಮಿ, ನೀರು ಬಂತು. ಇವತ್ತು ಕೂಗ್ತು, ಬರ್ನಿಲ್ಲ. ನಂಗೆ ಇವತ್ತಿನಂಗೇ ಇರ್ಲಿ."

ಆದರೂ ಪರಶಿವಪ್ಪನವರು ಬಿಡುವ ಆಸಾಮಿಯಲ್ಲ. ದಾಕ್ಷಾಯಿಣಿಯ ಕಡೆ ತಿರುಗಿದರು.

"ಅಂದ್ರೆ ಇದನ್ನ ನಿಲ್ಲಿಸೋಕೆ ಯಾರ ಕೈಲೂ ಆಗಲ್ವಾ? ಹೇಳು!"

ಇಷ್ಟು ಹೊತ್ತು ಪಟಪಟ ಉತ್ತರ ಕೊಡುತ್ತಿದ್ದವಳು ಈಗ ತಲೆ ತಗ್ಗಿಸಿದಳು. ಗುರುಗಳ ಎದುರಿಗೆ ಅವಳಿಗೆ ಸುಳ್ಳು ಹೇಳಲು ಬಾರದು.

"ಒಬ್ಬರ ಕೈಲಿ ಆಗುತ್ತೆ."

"ಯಾರ ಕೈಲಿ?"

"ಬುದ್ಧಿಯವರ ಕೈಲಿ. ಅವರ ಮಂಚದ ಪಕ್ಕ ಒಂದು ಸ್ವಿಚ್ ಇಟ್ಟಿದ್ದೀನಿ. ಒತ್ತಿದ್ರೆ ನಿಲ್ಲುತ್ತೆ."

ಗುರುಗಳು ಅವಳನ್ನೇ ನೋಡಿದರು. "ನನಗೆ ಗೊತ್ತಿಲ್ಲವಲ್ಲ."

"ತಾವು ಪೂಜೆಯಲ್ಲಿರುವಾಗ ತೊಂದರೆ ಆದ್ರೆ ಆಗ ಹೇಳೋಣ ಅಂತ ಇಟ್ಟೆ. ತಾವು ಗುರುಗಳು, ಬುದ್ಧಿ. ತಮಗೂ ಮೀರಿದ್ದು ಒಂದು ಇರಬಾರದು ಅಂತ..."

ಇಂಥ ಕೆಲಸವನ್ನು ಯಾವ ಇಂಜಿನಿಯರೂ ಮಾಡುವುದಿಲ್ಲ. ಶಿಷ್ಯರು ಮಾಡುತ್ತಾರೆ, ಅದೂ ಪ್ರೀತಿಗೆ.

ಪರಶಿವಪ್ಪನವರ ಮುಖ ಅರಳಿತು. ಎರಡೂ ಕೈ ಜೋಡಿಸಿದರು. "ಬುದ್ಧಿ, ಒತ್ತಿಬಿಡಿ. ಮಠದ ಮರ್ಯಾದೆ ಉಳಿಸಿ. ಇಷ್ಟು ದೊಡ್ಡವರು ಬಿಸಿಲಲ್ಲಿ ನಿಂತಿದ್ದಾರೆ."

ಗುರುಗಳು ಮಠದೊಳಗೆ ಹೋದರು.

ಅವರು ಒತ್ತುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡರು. ಸಣ್ಣಮ್ಮ ಸೈರನ್ನಿನ ಕಡೆಗೇ ನೋಡುತ್ತ ನಿಂತಳು. ಇವತ್ತು ದೊಡ್ಡವರಿಗಾಗಿ ಒಂದು ಸಲ ನಿಂತರೆ ನಾಳೆ ಇನ್ನೊಬ್ಬರಿಗಾಗಿ ನಿಲ್ಲುತ್ತದೆ, ಇದು ದಾಕ್ಷಾಯಿಣಿಗೆ ಚೆನ್ನಾಗಿ ಗೊತ್ತಿತ್ತು. ತಾನೇ ಇಟ್ಟ ಸ್ವಿಚ್ಚು.

ಗುರುಗಳು ಹೊರಗೆ ಬಂದರು. ಕೈಯಲ್ಲಿ ಸ್ವಿಚ್ಚಿತ್ತು. ಅದರ ಹಿಂದೆ ಕಿತ್ತ ವೈರು ನೇತಾಡುತ್ತಿತ್ತು. ಗೋಡೆಯ ಗಾರೆಯೂ ಒಂದು ಹೆಂಟೆ ಅದಕ್ಕೆ ಅಂಟಿಕೊಂಡೇ ಬಂದಿತ್ತು.

ಸೈರನ್ ಕೂಗುತ್ತಲೇ ಇತ್ತು.

"ಬುದ್ಧೀ!" ಅಂದರು ಪರಶಿವಪ್ಪನವರು. "ಇದು ಅತಿಯಾಯ್ತು. ಈ ಹುಡುಗಿ ಇರ್ಬೇಕು ಮಠದಲ್ಲಿ, ಇಲ್ಲ ನಾನಿರ್ಬೇಕು. ಇವತ್ತೇ ಹೇಳ್ಬಿಡಿ."

ಗುರುಗಳು ಕೈ ಚಾಚಿದರು. "ಡಿಕ್ಕಿ ಕೀ ಕೊಡಿ."

"ಅಂದ್ರೆ?"

"ಕೀ."

ಅಷ್ಟು ಜನರ ಮುಂದೆ ಪರಶಿವಪ್ಪನವರು ಇನ್ನೇನು ಮಾಡಿಯಾರು? ಕೊಟ್ಟರು. ಗುರುಗಳು ಅದನ್ನು ಸಣ್ಣಮ್ಮನ ಕೈಗಿತ್ತರು. ಅವಳು ಡಿಕ್ಕಿ ತೆಗೆದು, ಪೆಟ್ಟಿಗೆ ಎತ್ತಿ ಬಟ್ಟೆಗಂಟಿನ ಹಾಗೆ ತಲೆಯ ಮೇಲಿಟ್ಟುಕೊಂಡಳು. ಒಗೆಯುವ ಹೆಂಗಸರೆಲ್ಲ ಅವಳ ಹಿಂದೆ ಹೊಳೆಯ ದಂಡೆ ಹಿಡಿದು ಹೊರಟರು. ಹೇಗೆ ಕಟ್ಟಬೇಕು, ಹೇಗೆ ಆನ್ ಮಾಡಬೇಕು ಅಂತ ದಾಕ್ಷಾಯಿಣಿ ಹಿಂದಿನಿಂದ ಕೂಗಿ ಹೇಳಿದಳು.

"ಗೊತ್ತವ್ವ, ಅಲ್ಲಿ ಸೀರೆ ಹರವೋಕೋಗಿ ಮುಳ್ಳು ಚುಚ್ಚಿಸಿಕೊಂಡೋಳು ನಾನೇ ತಾನೇ!" ಅಂದಳು ಸಣ್ಣಮ್ಮ, ತಿರುಗಿ ನೋಡದೆ.

ಅತಿಥಿಗಳು ಮೇಲೆಯೇ ನಿಂತಿದ್ದರು. ಒಬ್ಬರೂ ಕೆಳಗಿಳಿಯಲಿಲ್ಲ. ಪರಶಿವಪ್ಪನವರು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಕೀ ಸಣ್ಣಮ್ಮನ ಸೊಂಟದಲ್ಲಿದ್ದುದರಿಂದ ಹೊರಡುವಂತೆಯೂ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಸೈರನ್ ತಾನಾಗಿ ನಿಂತಿತು.

ದಾಕ್ಷಾಯಿಣಿ ಗುರುಗಳ ಮುಂದೆ ಮಂಡಿಯೂರಿದಳು. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು. "ತಪ್ಪಾಯ್ತು, ಬುದ್ಧಿ," ಅನ್ನುತ್ತ ಕಾಲು ಮುಟ್ಟಲು ಬಾಗಿದಳು.

ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು.

"ಮೊದಲು ಹೋಗಿ, ನಾನು ಹೇಳಿದ್ರೂ ನಿಲ್ಲದ ಹಾಗೆ ಬರೆದು ಬಾ. ಕಾಲು ಆಮೇಲೆ ಮುಟ್ಟುವಿಯಂತೆ."