ಕುಂತುಹೋಗವ್ವ ಮನೆ

ನಮ್ಮ ಮಾದಿಹಾಳು ಪೇಟೆಯ ನಡುಬೀದಿಯಲ್ಲಿ, ಈಗ ಅಂಚೆ ಕಚೇರಿ ಇರುವ ಎರಡಂತಸ್ತಿನ ಮನೆಗೆ ಊರವರು ‘ಕುಂತುಹೋಗವ್ವ ಮನೆ’ ಎನ್ನುತ್ತಾರೆ. ಬೀದಿಯ ಕಡೆಯ ಮೂರು ಕಿಟಕಿಗಳನ್ನು ಕಲ್ಲಿಟ್ಟು ಮುಚ್ಚಲಾಗಿದೆ. ಅವುಗಳ ಕೆಳಗಿನ ಕಲ್ಲುಜಗಲಿ ಬೀದಿಗೆ ಇಳಿಜಾರಾಗಿದ್ದು, ನಡುವೆ ಒಬ್ಬರು ಕೂತು ಪಕ್ಕದಲ್ಲಿ ಹೊರೆ ಇಡುವಷ್ಟು ಜಾಗ ಮಾತ್ರ ಸಮತಟ್ಟಾಗಿದೆ. ನೋಡಿದವರು, ಕಟ್ಟಿದವನಿಗೆ ಕೆಲಸ ಬರುತ್ತಿರಲಿಲ್ಲವೆಂದು ನಗುತ್ತಾರೆ. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಕೇಡಾದದ್ದೂ ಅದರಿಂದಲೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇದು ಜವಳಿ ವರ್ತಕನೊಬ್ಬನ ಮನೆಯಾಗಿತ್ತಂತೆ. ನೆರೆಸೀಮೆಯ ದೊರೆಯ ರಾಯಭಾರಿ ಬಂದಾಗ ಪಾಳೆಯಗಾರನು ಅದನ್ನೇ ಕಚೇರಿಗೆಂದು ಬಿಡಿಸಿಕೊಟ್ಟನು. ತೊಟ್ಟಿಯ ಸುತ್ತ ಬರೆಯುವವರು ಕೂತರು, ಸೀರೆಯ ಉಗ್ರಾಣ ಪತ್ರಗಳ ಕೋಣೆಯಾಯಿತು, ಬೀದಿಬದಿಯ ಪಡಸಾಲೆಯಲ್ಲಿ ಸಂಧಿಯ ಮಾತು ನಡೆಯಿತು. ಜಗಲಿಯಲ್ಲಿ ಕೂತವರು ಕಿಟಕಿಗೆ ಕಿವಿಗೊಡುತ್ತಾರೆಂದು ರಾಯಭಾರಿಗೆ ಅನುಮಾನ. ಯಾರೂ ಕೂರದಂತೆ ಮಾಡೆಂದು ಕಲ್ಲುಕುಟಿಗ ಕಾಳೋಜನಿಗೆ ಅಪ್ಪಣೆಯಾಯಿತು. ಒಡೆದರೆ ಮನೆಯ ಅಂದ ಕೆಡುತ್ತದೆಂದು ಅವನು ಜಗಲಿಯನ್ನೇ ಓರೆಯಾಗಿ ಕೆತ್ತಿ, ಉಜ್ಜಿ ನುಣುಪು ಮಾಡಿದನು. ಆಮೇಲೆ ಎದುರು ಬದಿಯಲ್ಲಿ ನಿಂತು ತನ್ನ ಜಾಣತನವನ್ನು ತಾನೇ ನೋಡಿ ಬೀಗುತ್ತಿದ್ದನು.

ಆಗ ಬಂದವಳು ಬಳೆಗಾರ್ತಿ ಸಿದ್ದವ್ವ, ಏಳು ತಿಂಗಳ ಬಸುರಿ. ದಿನವೂ ಮಧ್ಯಾಹ್ನ ಆ ಜಗಲಿಯಲ್ಲೇ ಬಳೆಗಳ ಹೊರೆಯಾದ ಮಲಾರ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದವಳು ಅಂದೂ ನೋಡದೆ ಕೂರಹೋದಳು. ಕೂಗಿ ತಡೆಯಲು ಕಾಳೋಜನಿಗೆ ಸಮಯವಿತ್ತು. ಕಲ್ಲು ಜಾರಿಸುತ್ತದೋ ಇಲ್ಲವೋ ನೋಡೋಣವೆಂದು ಸುಮ್ಮನಿದ್ದನು. ಅವಳು ಜಾರಿ ಬೀದಿಗೆ ಬಿದ್ದಳು, ಬಳೆಗಳ ಮೇಲೆಯೇ. ಎತ್ತಲು ಓಡಿಬಂದ ಅವನಿಗೆ, “ನಿನ್ನೆ ತನ್ಕ ಇಲ್ಲೇ ಕುಂತಿದ್ನಲ್ಲಪ್ಪಾ” ಎಂದಷ್ಟೇ ಅಂದಳಂತೆ. ಮಗು ಉಳಿಯಲಿಲ್ಲ.

ಕಾಳೋಜ ರಾಯಭಾರಿಯ ಮುಂದೆ ಹೋಗಿ, “ಬುದ್ಧಿ, ಜಗಲಿ ಸರಿ ಮಾಡ್ತೀನಿ. ಮಾತು ಹೊರಗೆ ಹೋಗ್ದಂಗೆ ಕಿಟಕಿಗೇ ಕಲ್ಲಿಡ್ತೀನಿ” ಎಂದು ಬೇಡಿಕೊಂಡನು. ರಾಯಭಾರಿ ಒಪ್ಪಿದನು, ಆಮೇಲೆ ಆ ಕಚೇರಿಯಲ್ಲಿ ಹಾಡುಹಗಲೇ ದೀಪ ಹಚ್ಚಬೇಕಾಯಿತು. ಸಿದ್ದವ್ವ ಕೂರುತ್ತಿದ್ದ ಜಾಗವನ್ನು ಕಾಳೋಜ ಸಮ ಮಾಡಿ, ತನ್ನ ತಪ್ಪು ಕಣ್ಣಿಗೆ ಬೀಳುತ್ತಿರಲೆಂದು ಉಳಿದದ್ದನ್ನು ಹಾಗೆಯೇ ಬಿಟ್ಟನು. ಅವಳು ಮತ್ತೆ ಬಳೆ ಹೊತ್ತು ಬರತೊಡಗಿದಾಗ, ದಿನವೂ ಅಲ್ಲಿ ನಿಂತು “ಕುಂತು ಹೋಗವ್ವ” ಎಂದು ಕರೆದನು. ಅವಳು ಎದುರು ಬದಿಯಿಂದ ನಡೆದುಹೋದಳು. ಹೀಗೆ ಹನ್ನೊಂದು ವರ್ಷ ಕರೆದನೆನ್ನುತ್ತಾರೆ. ಅಂದು ಅವಳನ್ನು ತಡೆಯದೆ ಅವನು ಸುಮ್ಮನೆ ನಿಂತು ನೋಡಿದ್ದು ಊರಿಗೆ ತಿಳಿಯದು. ಸಾಯುವಾಗ ಮಗನಿಗೆ ಹೇಳಿದ ಆ ಮಾತು ನಮ್ಮ ಮನೆಯೊಳಗೇ ಇಳಿದುಬಂದಿದೆ. ಇಂದು ನಾನು ಬರೆದಿಟ್ಟಿದ್ದೇನೆ.

ಈಗಲೂ ಅಂಚೆ ಕಚೇರಿಗೆ ಬಂದವರು ಆ ಜಾಗದಲ್ಲಿ ಚೀಲ ಇಟ್ಟು ಒಂದು ಗಳಿಗೆ ಕೂತು ಹೋಗುತ್ತಾರೆ. ಕಾಳೋಜನ ವಂಶದ ನಾವು ನಿಂತೇ ಇರುತ್ತೇವೆ.