ಹಿಡ್ಕೋ ಕುದ್ರು

ಹೊನ್ನೆಕೇರಿಯ ಹೊಳೆ ಕಡಲು ಸೇರುವ ಅಳಿವೆಯ ನಡುವೆ ಅಂಗೈಯಷ್ಟು ನೆಲವೊಂದಿದೆ. ಸುತ್ತ ನೀರು, ಮೇಲೆ ನಾಲ್ಕು ಕೇದಗೆ ಪೊದೆ. ಇಂಥ ನಡುಗಡ್ಡೆಯನ್ನು ಇಲ್ಲಿಯವರು ಕುದ್ರು ಎನ್ನುತ್ತಾರೆ. ಇದರ ಹೆಸರು ಹಿಡ್ಕೋ ಕುದ್ರು. ಹೆಸರು ಕೇಳಿ ಪೇಟೆಯವರು ಕಿಸಕ್ಕನೆ ನಗುತ್ತಾರೆ. ನಗಲಿ ಪಾಪ, ಅವರಿಗೇನು ಗೊತ್ತು!

ಹಿಂದೆ ಒಮ್ಮೆ, ಸೇತುವೆಯ ಮಾತೇ ಇಲ್ಲದ ಕಾಲದಲ್ಲಿ, ಜಟ್ಟು ಅಂಬಿಗನೂ ಅವನ ಅಣ್ಣ ನಾಗಪ್ಪನೂ ಇಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರಂತೆ. ಒಂದು ಮಧ್ಯಾಹ್ನ, ನೀರು ಕಡಲಿನತ್ತ ಸೆಳೆಯುವ ಇಳಿತದ ಹೊತ್ತಿಗೆ ಗಾಳಿ ಎದ್ದು, ಅಣ್ಣತಮ್ಮಂದಿರಿಬ್ಬರೇ ಇದ್ದ ದೋಣಿ ಮಗುಚಿತು. ಮಗುಚಿದರೂ ಮರದ ದೋಣಿ ಮುಳುಗುವುದಿಲ್ಲ. ಜಟ್ಟು ಅದರ ಬೆನ್ನಿಗೆ ಅಂಟಿಕೊಂಡು, "ಹಿಡ್ಕೋ ಅಣ್ಣಾ, ಬಿಡಬೇಡ!" ಎಂದು ಗಂಟಲು ಹರಿಯುವಂತೆ ಕೂಗಿದ. ನಾಗಪ್ಪ ಗಟ್ಟಿ ಈಜುಗಾರ. ದಡ ಕೂಗಳತೆಯಲ್ಲೇ ಇತ್ತು. ಅವನು ದೋಣಿ ಬಿಟ್ಟು ಈಜಿದ. ಇಳಿತದ ಸೆಳವು ಅವನನ್ನು ಕಡಲಿಗೆ ಒಯ್ದಿತು. ನಡುಹೊಳೆಯಲ್ಲೇ ಉಳಿದ ದೋಣಿ ಜಟ್ಟುವನ್ನು ಹೊತ್ತು ತೇಲುತ್ತಾ ಬಂದು ಈ ಕುದ್ರುವಿಗೆ ತಾಗಿತು. ಬದುಕಿ ಬಂದ ಮೈದುನನನ್ನು ಅತ್ತಿಗೆ ಮಾದೇವಿ ಹೊಸಿಲು ದಾಟಲು ಬಿಡಲಿಲ್ಲ. "ಮರ ಹಿಡ್ಕೊಂಡು ಬಂದ್ಯಲ್ಲ, ನನ್ನ ಗಂಡನ ಕೈ ಹಿಡ್ಕೊಳ್ಳೋಕೆ ಆಗಲಿಲ್ವಾ?" ಎಂದಳು. ತಾಯಿಯ ಹಾಗೆ ಅನ್ನ ಇಕ್ಕಿದವಳು ಹಾಗೆಂದಾಗ, ತಾನು ಕೂಗಿದ್ದನ್ನೂ ಹೇಳದೆ ಜಟ್ಟು ಹೊಸಿಲಿನಿಂದಲೇ ತಿರುಗಿದ. ಊರೂ ಅವಳ ಮಾತನ್ನೇ ಆಡಿತು. ಅವನ ದೋಣಿಗೆ ಯಾರೂ ಕಾಲಿಡಲಿಲ್ಲ. ಅವನು ಕುದ್ರುವಿನಲ್ಲಿ ಗುಡಿಸಲು ಕಟ್ಟಿ, ಬಲೆ ಬೀಸಿಕೊಂಡು ಒಬ್ಬನೇ ಉಳಿದ. ತನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ತಿಳಿಯಲು ಬೆಳ್ಳಕ್ಕಿಗಳನ್ನು ಬೈಯುತ್ತಿದ್ದನಂತೆ. ಅತ್ತಿಗೆ ಒಂದು ಸಲ ತನ್ನನ್ನು ನಂಬಿದರೆ ಸಾಕು, ಅದೊಂದೇ ಆಸೆ ಅವನಿಗೆ.

ಒಂಬತ್ತು ವರ್ಷ ಕಳೆಯಿತು. ತವರಿನಿಂದ ಮರಳುತ್ತಿದ್ದ ಮಾದೇವಿಯ ದೋಣಿ ಇಳಿತದಲ್ಲಿ ಅದೇ ಜಾಗಕ್ಕೆ ಬಂದು ಮಗುಚಿತು. ಅವಳನ್ನು ದಾಟಿಸುತ್ತಿದ್ದ ಅಂಬಿಗ ಆಗಲೇ ದಡದತ್ತ ಈಜತೊಡಗಿದ್ದ, ಮಾದೇವಿಯೂ ಹೊರಡುವವಳೇ. ಜಟ್ಟು ನೀರಿಗೆ ಹಾರಲಿಲ್ಲ. ಹಾರಿದರೆ ಮೂರು ಹೆಣ ಎಂದು ಅವನಿಗೆ ಗೊತ್ತಿತ್ತು. ಹಗ್ಗ ಹಿಡಿದು ಕುದ್ರುವಿನ ತುದಿಗೆ ಓಡಿ, "ಅತ್ತಿಗೇ, ಹಿಡ್ಕೋ! ದಡ ನೋಡಬೇಡ, ಹಿಡ್ಕೋ!" ಎಂದು ಕೂಗಿದ. ಯಾರ ದನಿ ಎಂದು ಅವಳಿಗೆ ತಿಳಿಯದೆ ಇದ್ದೀತೇ? ಅಯ್ಯೋ, ಆ ದನಿಯನ್ನು ನಂಬುತ್ತಾಳೋ ಇಲ್ಲವೋ! ಅವಳು ದೋಣಿಯನ್ನು ತಬ್ಬಿಕೊಂಡಳು. ಅಂಬಿಗನೂ ಹೇಗೋ ತಿರುಗಿ ಬಂದು ಹಿಡಿದುಕೊಂಡ. ಸೆಳವೇ ದೋಣಿಯನ್ನು ಕುದ್ರುವಿನ ಹತ್ತಿರ ತಂದಿತು. ಜಟ್ಟು ಹಗ್ಗ ಎಸೆದು ಇಬ್ಬರನ್ನೂ ಎಳೆದುಕೊಂಡ.

ಮಾದೇವಿ ಮರಳಲ್ಲಿ ಕೂತು ದಡವನ್ನೇ ನೋಡಿದಳು. "ಎಷ್ಟು ಹತ್ತಿರ ಕಾಣ್ತದೆ," ಎಂದಳು. ಆಮೇಲೆ ಜಟ್ಟುವಿನತ್ತ ತಿರುಗಿ, "ಅವತ್ತೂ ಹೀಗೇ ಕೂಗಿದ್ಯಾ?" ಎಂದು ಕೇಳಿದಳು.

"ಕೂಗಿದೆ, ಅತ್ತಿಗೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮನೆಗೆ ಬಾ ಎಂದು ಕರೆದುಕೊಂಡು ಹೋದಳು. ಅವನು ಹೋದ, ಉಂಡ, ಮರುದಿನವೇ ಕುದ್ರುವಿಗೆ ತಿರುಗಿ ಬಂದ. ಒಂಬತ್ತು ವರ್ಷ ಒಂಟಿಯಾಗಿದ್ದವನಿಗೆ ಜನರ ನಡುವೆ ನಿದ್ದೆ ಹತ್ತಲಿಲ್ಲ ಎನ್ನುತ್ತಾರೆ.

ಈಗಲೂ ಕುದ್ರುವಿಗೆ ಹೋದವರಿಗೆ ಕೇದಗೆಯ ನೆರಳಲ್ಲಿ ಮೂರು ಕಲ್ಲಿನ ಒಲೆಯೊಂದು ಕಾಣುತ್ತದೆ, ಒಬ್ಬನ ಗಂಜಿಗಷ್ಟೇ ಸಾಕಾಗುವ ಪುಟ್ಟ ಒಲೆ. ಪಕ್ಕದಲ್ಲಿ ಕೂರುವ ಕಲ್ಲು ಮಾತ್ರ ಎರಡಿವೆ. ಎರಡನೆಯದನ್ನು ಮಾದೇವಿಯೇ ದೋಣಿಯಲ್ಲಿ ತಂದಿಟ್ಟಳಂತೆ.