ಗೋಡೆ ಅಡ್ಡ ಇತ್ತು

ರೋಮ್ ಚಕ್ರವರ್ತಿಗಳ ಕಾಲದಲ್ಲಿ, ಸಮುದ್ರದಾಚೆಯ ಒಂದು ನಾಡಿಗೆ ಫುಸ್ಕಸ್ ಎಂಬ ದೇಶಾಧಿಪತಿಯಿದ್ದ. ಆಗ ಒಂದು ಪದ್ಧತಿಯಿತ್ತು. ಯಾರನ್ನಾದರೂ ಶಿಲುಬೆಗೇರಿಸಿದರೆ, ಅವನು ಮಾಡಿದ ತಪ್ಪನ್ನು ಹಲಗೆಯ ಮೇಲೆ ಬರೆದು ಅವನ ತಲೆಯ ಮೇಲ್ಗಡೆ ಮೊಳೆ ಹೊಡೆದು ನಿಲ್ಲಿಸಬೇಕು. ಹೋಗುವವರು ಬರುವವರು ಓದಿ ಹೆದರಲಿ ಅಂತ!

ಒಂದು ಬೆಳಿಗ್ಗೆ ನಿಕಾಂಡರ್ ಎಂಬ ರೊಟ್ಟಿ ಸುಡುವವನನ್ನು ಜನ ಎಳೆದು ತಂದರು. ಅವನು ಕ್ರೈಸ್ತ. ಎಲ್ಲರಿಗಿಂತ ಮುಂದೆ ನಿಂತು ಕೂಗುತ್ತಿದ್ದವನು ಅವನ ಪಕ್ಕದ ಮನೆಯ ಸ್ಟ್ರಾಟೋ.

"ಸ್ವಾಮಿ, ಇವನ ಮನೇಲಿ ಮನುಷ್ಯರನ್ನ ತಿಂತಾರೆ! ಶಿಲುಬೆಗೆ ಹಾಕಿಸಿ!"

ಪಾಪ, ಸ್ಟ್ರಾಟೋ ಸುಳ್ಳುಗಾರನಲ್ಲ. ನಿಜಕ್ಕೂ ಹೆದರಿದ್ದ. ಮಕ್ಕಳನ್ನು ಒಳಗೆ ಬಿಟ್ಟು ಬಾಗಿಲು ಹಾಕಿ ಬಂದಿದ್ದ.

ಫುಸ್ಕಸ್ ಹಲಗೆ ತರಿಸಿದ. ಬರೆಸಲು ಹೊರಟವನಿಗೆ ಯಾಕೋ ಕುತೂಹಲ ಕೆರಳಿತು. "ಅಲ್ಲಯ್ಯಾ, ತಿಂದದ್ದು ಯಾರನ್ನ? ಊರಲ್ಲಿ ಯಾರು ಕಾಣೆಯಾಗಿದ್ದಾರೆ?"

ಜನ ಲೆಕ್ಕ ಹಾಕಿ ನೋಡಿದರು. ಯಾರೂ ಕಾಣೆಯಾಗಿರಲಿಲ್ಲ.

"ಕಿವಿಯಾರೆ ಕೇಳಿದೀನಿ ಸ್ವಾಮಿ," ಎಂದ ಸ್ಟ್ರಾಟೋ. "'ತಗೊಳ್ಳಿ, ಇದು ದೇಹ, ತಿನ್ನಿ' ಅಂದ."

"ಕೈಯಲ್ಲಿ ಏನಿತ್ತು?"

"ಅದು ಕಾಣಲಿಲ್ಲ. ಗೋಡೆ ಅಡ್ಡ ಇತ್ತು."

ಫುಸ್ಕಸ್ ನಿಕಾಂಡರನ ಕಡೆ ತಿರುಗಿದ. "ಏನಿತ್ತು, ನೀನೇ ಹೇಳು."

"ರೊಟ್ಟಿ ಸ್ವಾಮಿ. ನಮ್ಮ ಗುರುವಿನ ನೆನಪಿಗೆ ಅದನ್ನು ಮುರಿದು ಹಂಚಿಕೊಳ್ತೀವಿ. ಅದನ್ನೇ ಅವರ ದೇಹ ಅಂತೀವಿ. ಅವರನ್ನೂ ನಿಮ್ಮಂಥ ಒಬ್ಬ ದೇಶಾಧಿಪತಿಯೇ ಶಿಲುಬೆಗೆ ಹಾಕಿಸಿದ, ಜನ ಕೂಗಿದರು ಅಂತ."

"ಹೌದೇ? ಹಲಗೆ ಹೊಡೆಸಿದ್ದನೋ?"

"ಇವನು ಅರಸ ಅಂತ ಬರೆಸಿ ಹೊಡೆಸಿದ್ದ. ನಾವು ಇವತ್ತಿಗೂ ಅದನ್ನ ಓದ್ತಾ ಇದ್ದೀವಿ. ಅದರಲ್ಲಿ ಅವರ ತಪ್ಪು ಯಾವುದು ಅಂತ ಇನ್ನೂ ಸಿಕ್ಕಿಲ್ಲ ಸ್ವಾಮಿ."

ಫುಸ್ಕಸ್ ತಾನು ತರಿಸಿದ ಹಲಗೆಯ ಕಡೆ ನೋಡಿದ. ಅಯ್ಯೋ, ನಾನು ಬರೆಸುವ ಹಲಗೆಯನ್ನೂ ಜನ ಹೀಗೇ ಓದುತ್ತಾ ಹೋದರೆ ಏನು ಗತಿ ಎಂದು ಹೆದರಿದ. ಆ ಕ್ಷಣವೇ ನಿಕಾಂಡರನ ಕಟ್ಟು ಬಿಚ್ಚಿಸಿದ. ಸ್ಟ್ರಾಟೋ ತಲೆ ತಗ್ಗಿಸಿ ಮನೆಗೆ ಹೋಗಿ ಮಕ್ಕಳಿಗೆ ಬಾಗಿಲು ತೆಗೆದ.

ತರಿಸಿದ ಹಲಗೆ ಮಾತ್ರ ಖಾಲಿ ಉಳಿಯಲಿಲ್ಲ. 'ಗೋಡೆ ಅಡ್ಡ ಇತ್ತು' ಎಂದು ದಪ್ಪ ಅಕ್ಷರದಲ್ಲಿ ಬರೆಸಿ, ಫುಸ್ಕಸ್ ಅದನ್ನು ತನ್ನ ಪೀಠದ ಎದುರಿಗೇ ಹೊಡೆಸಿದ. ತೀರ್ಪು ಹೇಳಲು ಬಾಯಿ ತೆರೆದಾಗಲೆಲ್ಲ ತನ್ನ ಕಣ್ಣಿಗೇ ಬೀಳಲಿ ಅಂತ.

ನೀತಿ: ಕಿವಿಗೆ ಬಿದ್ದ ಅರ್ಧ ಮಾತಿನಿಂದ ಇನ್ನೊಬ್ಬರ ಹಣೆಬರಹ ಬರೆಯಬೇಡಿ. ನಾಲ್ಕು ಜನಕ್ಕೆ ಹೇಳುವ ಮುಂಚೆ, ಎದ್ದು ಗೋಡೆಯಾಚೆ ಹೋಗಿ ನೋಡಿ ಬನ್ನಿ.